ಕೌದಿ ಹೊಲಿದು ಬದುಕಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಕೈಯಲ್ಲಿ ಹೊಲಿದ ಕೌದಿಗೆ ಈಗ ಪೇಟೆಯಲ್ಲಿ ಗಿರಾಕಿಗಳಿದ್ದಾರೆ. ಹೊಲಿಯುವ ಹೆಣ್ಣುಮಕ್ಕಳ ಕೈಗೆ ಮಾತ್ರ ಇನ್ನೂ ಸರಿಯಾದ ದುಡ್ಡು ಸೇರುತ್ತಿಲ್ಲ. ಹೊಲಿಯುವವರು, ಗುಂಪು ಕಟ್ಟಲು ಹೊರಟವರು, ಕೊಳ್ಳುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇವೆ.

ಕೌದಿ ಅಂದರೆ ಹಳೆ ಸೀರೆ ಜೋಡಿಸಿ ಹೊಲಿದ ಹೊದಿಕೆ, ಅಷ್ಟೇ ಅಲ್ವಾ?

ಹೌದು, ಹಳೆ ಸೀರೆ, ಧೋತರ, ಅಂಗಿ, ಲಂಗ ಎಲ್ಲ ಅದರಲ್ಲಿ ಇರುತ್ತವೆ. ಕೆಳಗೊಂದು ಅಗಲವಾದ ಬಟ್ಟೆ, ಅದರ ಮೇಲೆ ಪದರ ಪದರವಾಗಿ ಹಳೆ ಬಟ್ಟೆ, ಎಲ್ಲಕ್ಕಿಂತ ಮೇಲೆ ಬಣ್ಣ ನೋಡಿ ಜೋಡಿಸಿದ ತುಂಡುಗಳು. ಇಷ್ಟನ್ನೂ ಒಟ್ಟಿಗೆ ಹಿಡಿದಿಡುವುದು ಸಾಲು ಸಾಲಾಗಿ ಓಡುವ ಕೈಹೊಲಿಗೆ. ಒಳಗೆ ಹತ್ತಿ ತುಂಬುವುದಿಲ್ಲ. ಪದರಗಳೇ ಬೆಚ್ಚಗೆ ಇಡುತ್ತವೆ. ಹೊಲಿಗೆ ಹತ್ತಿರ ಹತ್ತಿರ ಇದ್ದಷ್ಟೂ ಕೌದಿ ಗಟ್ಟಿ, ಮತ್ತು ಅಷ್ಟೇ ಜಾಸ್ತಿ ದಿನದ ಕೆಲಸ. ಒಂದು ದೊಡ್ಡ ಕೌದಿಯಲ್ಲಿ ಸಾವಿರಾರು ಹೊಲಿಗೆ ಇರುತ್ತವೆ. ಬಟ್ಟೆ ಹಳೆಯದು ನಿಜ. ದುಡಿಮೆ ಪೂರ್ತಿ ಹೊಸದು. ಮುಂದೆ ಬೆಲೆಯ ಬಗ್ಗೆ ಹೇಳುವುದೆಲ್ಲ ಇದನ್ನೇ ನಂಬಿ ಹೇಳಿದ್ದು.

ಯಾರು ಹೊಲಿಯುತ್ತಾರೆ?

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಎಲ್ಲ ಮನೆಯಲ್ಲೂ ಕೌದಿ ಇರುತ್ತಿತ್ತು. ಅಜ್ಜಿಯರು ಮಧ್ಯಾಹ್ನದ ಹೊತ್ತು ಕಟ್ಟೆಯ ಮೇಲೆ ಹರವಿಕೊಂಡು ಹೊಲಿಯುತ್ತಿದ್ದರು. ಕೂಸು ಹುಟ್ಟಿದರೆ ತೊಟ್ಟಿಲಿಗೊಂದು ಸಣ್ಣ ಕೌದಿ ಆಗಲೇಬೇಕು. ಮನೆಯಲ್ಲಿ ಹೊಲಿಯಲು ಆಗದವರಿಗೆ ಗೊಂದಳಿ ಮತ್ತಿತರ ಅಲೆಮಾರಿ ಸಮುದಾಯದ ಹೆಣ್ಣುಮಕ್ಕಳು ಊರೂರು ತಿರುಗಿ ಹೊಲಿದು ಕೊಡುತ್ತಿದ್ದರು. ಮನೆಯವರು ಹಳೆ ಬಟ್ಟೆ ಕೊಡುತ್ತಾರೆ, ಇವರು ಜಗಲಿಯಲ್ಲೋ ಗುಡಿಯ ಮುಂದೋ ಕೂತು ಹೊಲಿಯುತ್ತಾರೆ, ಕೂಲಿಯ ಜೊತೆ ಜೋಳ, ರೊಟ್ಟಿ ಸಿಗುತ್ತದೆ. ಅಂದರೆ ಕೌದಿ ಹೊಲಿದು ಹೊಟ್ಟೆ ಹೊರೆಯುವುದು ಯಾವುದೋ ಯೋಜನೆಯವರು ಬಂದು ಕಲಿಸಿದ್ದಲ್ಲ. ಬಡ ಹೆಣ್ಣುಮಕ್ಕಳು ತಾವೇ ಕಟ್ಟಿಕೊಂಡ ದುಡಿಮೆ ಅದು. ಮಿಲ್ಲಿನ ಅಗ್ಗದ ಹೊದಿಕೆ, ಬ್ಲ್ಯಾಂಕೆಟ್ ಬಂದ ಮೇಲೆ ಅವರಿಗೆ ಮನೆಗಳು ಕಮ್ಮಿಯಾದವು.

ಸಿದ್ದಿಯರ ಕೌದಿ ಬೇರೆ ರೀತಿಯದ್ದಾ? ಅದಕ್ಕೆ ಯಾಕೆ ಅಷ್ಟು ಹೆಸರು?

ಬೇರೆಯೇ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಸಿದ್ದಿಯರ ಹಿರಿಯರು ಆಫ್ರಿಕಾದವರು. ಬಹಳ ಮಂದಿಯನ್ನು ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡಿನ ಕಡೆ ಬಂದು ನೆಲೆ ನಿಂತರು. ಈಗ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೋಯಿಡಾ ಕಡೆ, ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳಲ್ಲೂ ಇದ್ದಾರೆ. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಉಂಟು. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಧಾರವಾಡ, ಬೆಳಗಾವಿಯವರು 2020ರವರೆಗೆ ಕಾಯಬೇಕಾಯಿತು. ಹೆಚ್ಚಿನವರಿಗೆ ಸ್ವಂತ ಜಮೀನು ಇಲ್ಲ, ಇದ್ದರೂ ತುಂಡು ನೆಲ. ಕೂಲಿಯೇ ಗತಿ.

ಇವರ ಕೌದಿಗೆ ಕವಂದಿ ಅಂತಲೂ ಹೇಳುತ್ತಾರೆ. ಅಂಚಿನಿಂದ ಶುರು ಮಾಡಿ, ಸುತ್ತಲೂ ಹೊಲಿಯುತ್ತಾ ಒಳಗೆ ಒಳಗೆ ಬಂದು ನಡುವಿನಲ್ಲಿ ಮುಗಿಸುತ್ತಾರೆ. ಚೌಕಟ್ಟಿಲ್ಲ, ಮೊದಲೇ ಗೆರೆ ಎಳೆದುಕೊಂಡ ನಕ್ಷೆ ಇಲ್ಲ. ಯಾವ ತುಂಡಿನ ಪಕ್ಕ ಯಾವ ತುಂಡು ಅನ್ನುವುದು ಹೊಲಿಯುತ್ತಾ ಹೊಲಿಯುತ್ತಾ ತೀರ್ಮಾನವಾಗುತ್ತದೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿ ಮಾಡಿದ ಮುಕ್ಕೋನದ ಹೂ ಬೇಕೇ ಬೇಕು. ಅದಕ್ಕೆ ಫುಲಾ ಅನ್ನುತ್ತಾರೆ. ಫುಲಾ ಇಲ್ಲದ ಕೌದಿಯನ್ನು ಬೆತ್ತಲೆ ಅಂತ ಹೊಲಿಯುವವರೇ ಹೇಳುತ್ತಾರೆ. ನಡುವಿನ ಕೊನೆಯ ತುಂಡು ಮುಚ್ಚುವ ಮೊದಲು ಕೆಲವರು ನಾಲ್ಕು ಅಕ್ಕಿ ಕಾಳು ಒಳಗೆ ಇಡುತ್ತಾರೆ. ಕೌದಿಯ ಹೊಟ್ಟೆ ತುಂಬಿಸಬೇಕು ಅನ್ನುವ ನಂಬಿಕೆ. ಕ್ರೈಸ್ತರ ಕೌದಿಯಲ್ಲಿ ಶಿಲುಬೆ, ಮುಸ್ಲಿಮರ ಕೌದಿಯಲ್ಲಿ ಅರ್ಧಚಂದ್ರ ಕಾಣಸಿಗುತ್ತವೆ.

ಹೆಸರು ಬಂದದ್ದು 2000ದ ನಂತರ. ಅಮೆರಿಕದ ಕಲಾ ವಿದ್ವಾಂಸ ಹೆನ್ರಿ ಡ್ರೂವಲ್ ಇವರ ಜೊತೆ ಕೆಲಸ ಮಾಡಿದರು, ಹೊಲಿಯುವ ಹೆಣ್ಣುಮಕ್ಕಳ ಸಹಕಾರಿ ಗುಂಪು ಶುರುವಾಯಿತು, ಕೌದಿಗಳು ನ್ಯೂಯಾರ್ಕಿನವರೆಗೂ ಪ್ರದರ್ಶನಕ್ಕೆ ಹೋದವು. ತಮ್ಮ ಮಕ್ಕಳಿಗೆ ಮಳೆಗಾಲದಲ್ಲಿ ಹೊದಿಸಲು ಹೊಲಿದದ್ದು ಗೋಡೆಯ ಮೇಲೆ ಚಿತ್ರದ ಹಾಗೆ ತೂಗಿತು. ಇದು ದೊಡ್ಡ ಗೌರವವೇ. ಆದರೆ ಪ್ರದರ್ಶನ ಮುಗಿದ ಮೇಲೂ ತಿಂಗಳು ತಿಂಗಳು ಕೊಳ್ಳುವವರು ಬೇಕಲ್ಲ. ಆ ಕೆಲಸ ಇನ್ನೂ ಬಾಕಿ ಇದೆ.

ನೇರವಾಗಿ ಹೇಳಿ. ಇದರಿಂದ ಮನೆ ನಡೆಯುತ್ತದಾ?

ಇದೊಂದರಿಂದಲೇ ಅಂದರೆ, ಹೆಚ್ಚಿನವರಿಗೆ ಇಲ್ಲ. ಆಸೆ ಹುಟ್ಟಿಸಿ ಆಮೇಲೆ ಕೈಬಿಡುವುದು ಬಡವರಿಗೆ ಮಾಡುವ ಅನ್ಯಾಯ. ಅದಕ್ಕೇ ಮೊದಲೇ ಹೇಳುತ್ತಿದ್ದೇವೆ.

ಆದರೆ ಕೌದಿಗೆ ಬೇರೆ ಕೂಲಿಗೆ ಇಲ್ಲದ ಅನುಕೂಲ ಇದೆ. ಮನೆ ಬಿಟ್ಟು ಹೋಗಬೇಕಿಲ್ಲ. ಎಳೆ ಕೂಸಿನ ತಾಯಿ, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವವರು, ಗದ್ದೆಯಲ್ಲಿ ಬಗ್ಗಲು ಆಗದ ವಯಸ್ಸಾದವರು ಕೂಡ ಮಾಡಬಹುದು. ನಾಟಿ, ಕೊಯ್ಲಿನ ಕೂಲಿ ಇಲ್ಲದ ತಿಂಗಳಲ್ಲಿ ಕೈಗೆ ಕೆಲಸ ಇರುತ್ತದೆ. ಬಂಡವಾಳ ಅಂದರೆ ಸೂಜಿ, ದಾರ, ಬಟ್ಟೆ. ಸಾಲ ಮಾಡಿ ಮಷೀನ್ ತರಬೇಕಿಲ್ಲ. ಸರಿಯಾದ ಬೆಲೆ ಸಿಕ್ಕರೆ ಶಾಲೆಯ ಖರ್ಚು, ಔಷಧಿ, ಸಂಘದ ಕಂತು ಇದರಲ್ಲೇ ತೂಗಿಸಬಹುದು. ಇನ್ನೊಬ್ಬರ ಮುಂದೆ ಕೈಚಾಚದೆ ಖರ್ಚು ಮಾಡುವ ದುಡ್ಡು ಇದು. ಅದನ್ನು ಸಣ್ಣದು ಅನ್ನಬೇಡಿ.

ಬೆಲೆ ಹೇಗೆ ಕಟ್ಟಬೇಕು?

ಇಡೀ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಹೆಚ್ಚಿನ ಹೆಣ್ಣುಮಕ್ಕಳು ಬೆಲೆ ಕೇಳಿದಾಗ ದಾರಕ್ಕೆ ಎಷ್ಟು ಆಯಿತು ಅಂತ ನೆನಪು ಮಾಡಿಕೊಂಡು, ಮೇಲೆ ಒಂದಿಷ್ಟು ಸೇರಿಸಿ ಹೇಳಿಬಿಡುತ್ತಾರೆ. ತಮ್ಮ ಹೊತ್ತನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಾಗಾಗಿ ಮೊದಲ ಕೆಲಸ ಗಂಟೆ ಬರೆದಿಡುವುದು. ಓದು ಬರಹ ಬಾರದಿದ್ದರೆ ಕ್ಯಾಲೆಂಡರಿನಲ್ಲಿ ಗೀಟು ಹಾಕಿ, ಒಂದು ಗಂಟೆಗೆ ಒಂದು ಗೀಟು. ಬಟ್ಟೆ ಒಗೆದದ್ದು, ಇಸ್ತ್ರಿ ಮಾಡಿದ್ದು, ಕತ್ತರಿಸಿದ್ದು ಎಲ್ಲ ಗೀಟಿಗೆ ಬರಬೇಕು.

ಒಂದು ಉದಾಹರಣೆ ನೋಡೋಣ. ಒಬ್ಬರು ಮಲಗುವ ಅಳತೆಯ ಕೌದಿಗೆ ಹೊಲಿಗೆ 60 ಗಂಟೆ, ಬಟ್ಟೆ ತಯಾರಿ 5 ಗಂಟೆ ಹಿಡಿಯಿತು ಅಂತ ಇಟ್ಟುಕೊಳ್ಳಿ. ಗಂಟೆಗೆ 50 ರೂಪಾಯಿ ಅಂದರೆ 3,250. ದಾರ ಮತ್ತು ಕೆಳಗಿನ ಬಟ್ಟೆಗೆ 400. ಬಸ್ಸು, ಪ್ಯಾಕಿಂಗಿಗೆ 150. ಒಟ್ಟು 3,800. ಗುಂಪಿನ ನಿಧಿಗೆ ನೂರಕ್ಕೆ 10ರಂತೆ 380 ಸೇರಿಸಿದರೆ 4,180 ರೂಪಾಯಿ. ಅಂಗಡಿಯ ಮೂಲಕ ಮಾರಿದರೆ, ಅಂಗಡಿಯವರು ಮಾರುವ ಬೆಲೆಯಲ್ಲಿ ಮೂರನೇ ಒಂದು ಭಾಗ ಇಟ್ಟುಕೊಳ್ಳುತ್ತಾರೆ ಅಂದುಕೊಂಡರೆ, ಚೀಟಿಯ ಮೇಲೆ 6,270 ಇರಬೇಕು.

ಗಂಟೆಗೆ 50 ಜಾಸ್ತಿ ಆಯಿತು ಅನ್ನಿಸಿತಾ? 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಇಲ್ಲಿ 8 ಗಂಟೆಗೆ 400 ಆಯಿತು. ಮಣ್ಣು ಹೊರುವ ಆ ಕೂಲಿಗಿಂತ ದಿನಕ್ಕೆ 30 ರೂಪಾಯಿ ಮೇಲೆ, ಅಷ್ಟೇ. ತಲೆಮಾರುಗಳಿಂದ ಕೈಗೆ ಬಂದ ಕಸುಬಿಗೆ ಇದು ದೊಡ್ಡ ಮೊತ್ತವೇನಲ್ಲ.

ಈಗ ಇದೇ ಕೌದಿಯನ್ನು 1,500ಕ್ಕೆ ಕೊಟ್ಟರೆ ಏನಾಗುತ್ತದೆ? ಖರ್ಚಿನ 550 ಕಳೆದರೆ 950 ಉಳಿಯಿತು. 65 ಗಂಟೆಗೆ ಹಂಚಿದರೆ ಗಂಟೆಗೆ 15 ರೂಪಾಯಿಯೂ ಇಲ್ಲ. ಗುಂಪಿನಲ್ಲಿ ಈ ಲೆಕ್ಕವನ್ನು ಒಮ್ಮೆ ಎಲ್ಲರೂ ಕೂತು ಮಾಡಿ. ಆಮೇಲೆ ಕಮ್ಮಿ ಬೆಲೆಗೆ ಒಪ್ಪಿಕೊಳ್ಳಲು ಯಾರಿಗೂ ಮನಸ್ಸು ಬರುವುದಿಲ್ಲ.

"ಹಳೆ ಬಟ್ಟೆ ತಾನೇ, ಇಷ್ಟು ರೇಟಾ?" ಅನ್ನುವ ಗಿರಾಕಿಗೆ ಏನು ಹೇಳೋದು?

ಗಂಟೆಯ ಲೆಕ್ಕ ತೋರಿಸಿ. ಕೌದಿಗೆ ಒಂದು ಚೀಟಿ ಕಟ್ಟಿ. ಹೊಲಿದವರ ಹೆಸರು (ಅವರು ಒಪ್ಪಿದರೆ ಮಾತ್ರ), ಊರು, ಹಿಡಿದ ಗಂಟೆ, ಅವರ ಕೈಗೆ ಹೋಗುವ ದುಡ್ಡು, ಇಷ್ಟು ಬರೆದರೆ ಸಾಕು. ಒಳ್ಳೆಯ ಗಿರಾಕಿ ಸುಮ್ನೆ ಓದಿ ದುಡ್ಡು ಕೊಡುತ್ತಾರೆ.

ಇನ್ನೂ ಕಮ್ಮಿ ಮಾಡಿ ಅಂದರೆ ಸಣ್ಣ ವಸ್ತು ತೋರಿಸಿ. ಕೂಸಿನ ಕೌದಿ, ದಿಂಬಿನ ಕವರ್, ಕೂರುವ ಚೌಕ, ಚೀಲ. ಗಿರಾಕಿಯ ಜೇಬಿಗೆ ತಕ್ಕ ಹಾಗೆ ವಸ್ತು ಸಣ್ಣದಾಗಲಿ, ಗಂಟೆಯ ಕೂಲಿ ಕಮ್ಮಿಯಾಗುವುದು ಬೇಡ. "ಪಾಪ, ಬಡವರು ಮಾಡಿದ್ದು, ತಗೊಳ್ಳಿ" ಅಂತ ಮಾತ್ರ ಮಾರಬೇಡಿ. ಅಯ್ಯೋ ಪಾಪ ಅಂತ ಕೊಂಡವರು ಒಂದೇ ಸಲ ಕೊಳ್ಳುತ್ತಾರೆ. ಕೌದಿ ಇಷ್ಟಪಟ್ಟು ಕೊಂಡವರು ಅಕ್ಕನ ಮಗಳ ಬಾಣಂತನಕ್ಕೂ ಇನ್ನೊಂದು ಬೇಕು ಅಂತ ಫೋನ್ ಮಾಡುತ್ತಾರೆ.

ಎಂಥ ಬಟ್ಟೆ ಬೇಕು? ಎಲ್ಲಿಂದ ತರೋದು?

ಸವೆದು ಮೆತ್ತಗಾದ ಹತ್ತಿ ಸೀರೆ, ಧೋತರ ಎಲ್ಲಕ್ಕಿಂತ ಒಳ್ಳೆಯದು. ಸೂಜಿ ಸಲೀಸಾಗಿ ಇಳಿಯುತ್ತದೆ, ಮೈಗೆ ಹಿತ. ಪಾಲಿಯೆಸ್ಟರ್ ಜಾರುತ್ತದೆ, ಬೆವರು ಹೀರುವುದಿಲ್ಲ. ಈಗ ಮನೆಗಳಲ್ಲಿ ಹತ್ತಿ ಸೀರೆಯೇ ಕಮ್ಮಿಯಾಗಿರುವುದರಿಂದ ಬಟ್ಟೆ ಹುಡುಕುವುದೇ ಒಂದು ಕೆಲಸ. ಟೈಲರ್ ಅಂಗಡಿಯ ಕತ್ತರಿ ತುಂಡು, ಗಾರ್ಮೆಂಟ್ಸಿನಲ್ಲಿ ಉಳಿದ ಬಟ್ಟೆ ಕಿಲೋ ಲೆಕ್ಕದಲ್ಲಿ ಸಿಗುತ್ತವೆ. ಇಳಕಲ್ ಸೀರೆಯ ಸೆರಗಿನ ತುಂಡು ಸಿಕ್ಕರೆ ನಡುವಿಗೆ ಹಾಕಿ, ಕೌದಿಗೆ ಬೇರೆಯೇ ಕಳೆ ಬರುತ್ತದೆ.

ಎಲ್ಲ ಬಟ್ಟೆಯನ್ನೂ ಬಿಸಿನೀರಲ್ಲಿ ಒಗೆದು ಬಿಸಿಲಲ್ಲಿ ಒಣಗಿಸಿಯೇ ಕತ್ತರಿಸಿ. ಬಣ್ಣ ಬಿಡುವ ಕೆಂಪು, ಕಡುನೀಲಿ ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಗೆ ಉಜ್ಜಿ ನೋಡಿ. ಹತ್ತಿದರೆ ಪಕ್ಕಕ್ಕಿಡಿ. ಒಂದು ತುಂಡು ಬಣ್ಣ ಬಿಟ್ಟರೂ ಪೂರ್ತಿ ಕೌದಿಯ ಶ್ರಮ ಹಾಳು. ಪೇಟೆಯ ಕೆಲವು ಗಿರಾಕಿಗಳು ಇನ್ನೊಬ್ಬರು ಉಟ್ಟ ಬಟ್ಟೆ ಬೇಡ ಅನ್ನುತ್ತಾರೆ. ಅಂಥವರಿಗೆ ಹೊಸ ತುಂಡಿನಲ್ಲೇ ಹೊಲಿದುಕೊಡಿ, ಬಟ್ಟೆಯ ದುಡ್ಡು ಬೇರೆ ಹಿಡಿಯಿರಿ.

ಮಷೀನಿನಲ್ಲಿ ಹೊಲಿದರೆ ಬೇಗ ಆಗಲ್ವಾ?

ಆಗುತ್ತದೆ. ಆದರೆ ಮಷೀನಿನ ಕೌದಿ ಕಾರ್ಖಾನೆಯ ಹೊದಿಕೆಯ ಜೊತೆ ಬೆಲೆಯಲ್ಲಿ ಗುದ್ದಾಡಬೇಕು. ಆ ಆಟದಲ್ಲಿ ನಾವು ಗೆಲ್ಲುವುದಿಲ್ಲ. ಚೀಲದ ಒಳಹೊಲಿಗೆ, ಕವರಿನ ಜಿಪ್ಪಿಗೆ ಮಷೀನ್ ಬಳಸಿ, ತಪ್ಪಿಲ್ಲ. ಮೇಲೆ ಕಾಣುವ ಹೊಲಿಗೆ ಕೈಯದ್ದೇ ಇರಲಿ. ಯಾವುದು ಕೈ, ಯಾವುದು ಮಷೀನ್ ಅಂತ ಗಿರಾಕಿಗೆ ಸರಿಯಾಗಿ ಹೇಳಿ.

ಕಣ್ಣು, ಬೆನ್ನು ನೋಯುತ್ತದೆ. ಏನು ಮಾಡೋದು?

ಇದನ್ನು ಯಾರೂ ಗಂಭೀರವಾಗಿ ಹಿಡಿಯುವುದಿಲ್ಲ, ಹಿಡಿಯಬೇಕು. 40 ದಾಟಿದ ಮೇಲೆ ಹತ್ತಿರದ್ದು ಮಸುಕಾಗುವುದು ಎಲ್ಲರಿಗೂ ಇದ್ದದ್ದೇ. ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ ಅಂತ ಕಸುಬೇ ಬಿಟ್ಟವರಿದ್ದಾರೆ. ಅವರಿಗೆ ಬೇಕಿದ್ದದ್ದು ಒಂದು ಓದುವ ಕನ್ನಡಕ, ಅಷ್ಟೇ. ಗುಂಪು ಶುರು ಮಾಡುವಾಗಲೇ ಎಲ್ಲರ ಕಣ್ಣು ಪರೀಕ್ಷೆ ಮಾಡಿಸಿ. ಜಿಲ್ಲಾಸ್ಪತ್ರೆಯಲ್ಲಿ ಕಣ್ಣಿನ ವಿಭಾಗ ಇರುತ್ತದೆ. ಹಗಲ ಬೆಳಕಿನಲ್ಲೇ ಹೊಲಿಯಿರಿ. ಗೋಡೆಗೆ ಒರಗಿ ಕೂರಿ, ಗಂಟೆಗೊಮ್ಮೆ ಎದ್ದು ಓಡಾಡಿ. ಬೆರಳಿಗೆ ಹಾಕುವ ಲೋಹದ ಟೋಪಿಗೆ ಕೆಲವೇ ರೂಪಾಯಿ, ಅದಿದ್ದರೆ ದಪ್ಪ ಪದರ ತಳ್ಳುವಾಗ ಬೆರಳು ತೂತಾಗುವುದಿಲ್ಲ.

ಗುಂಪಿನಲ್ಲಿ ದುಡ್ಡು ಹಂಚುವುದು ಹೇಗೆ? ಇದೇ ಜಗಳದ ಮೂಲ.

ಕೌದಿಗೆ ಇಷ್ಟು ಅಂತ ಕೊಟ್ಟರೆ ವೇಗವಾಗಿ, ದೂರ ದೂರ ಹೊಲಿಗೆ ಹಾಕಿದವರಿಗೆ ಲಾಭ. ಎಲ್ಲರಿಗೂ ಸಮ ಅಂತ ಮಾಡಿದರೆ ಜಾಸ್ತಿ ದುಡಿದವರಿಗೆ ಬೇಸರ. ನಮಗೆ ಸರಿ ಕಾಣುವುದು ಹೀಗೆ: ಹೊಲಿಗೆ ಎಷ್ಟು ಹತ್ತಿರ ಇರಬೇಕು ಅಂತ ಒಂದು ಮಾದರಿ ತುಂಡು ಗೋಡೆಗೆ ತೂಗುಹಾಕಿ. ಆ ಮಾದರಿಗೆ ಸರಿ ಇದ್ದರೆ ಅಳತೆ ನೋಡಿ ಕೂಲಿ ಕೊಡಿ. ಕೌದಿ ಒಪ್ಪಿಸಿದ ದಿನವೇ ಕೂಲಿಯ ಒಂದು ಭಾಗವಾದರೂ ಕೈಗೆ ಸೇರಲಿ. ಮಾರಾಟ ಆದ ಮೇಲೆ ಕೊಡುತ್ತೇವೆ ಅಂದರೆ ಬಡವರು ಎಷ್ಟು ದಿನ ಅಂತ ಕಾಯುತ್ತಾರೆ? ಗುಂಪಿನ ನಿಧಿ ಇರುವುದೇ ಈ ಅಂತರ ತುಂಬಲು. ದುಡ್ಡು ಹೊಲಿದವರ ಸ್ವಂತ ಖಾತೆಗೇ ಹೋಗಬೇಕು, ಗಂಡನ ಖಾತೆಗೆ ಬೇಡ. ಲೆಕ್ಕದ ಪುಸ್ತಕವನ್ನು ತಿಂಗಳಿಗೊಮ್ಮೆ ಎಲ್ಲರೆದುರು ಗಟ್ಟಿಯಾಗಿ ಓದಿ.

ಸರ್ಕಾರದಿಂದ ಏನು ಸಿಗುತ್ತದೆ?

ಹಳ್ಳಿಯ ಸ್ವಸಹಾಯ ಸಂಘಗಳಿಗೆ ಸಂಜೀವಿನಿ ಯೋಜನೆಯಲ್ಲಿ ಸಾಲ, ತರಬೇತಿ, ಸಂಘಗಳ ವಸ್ತು ಮಾರುವ ಸರಸ್ ಮೇಳಗಳಲ್ಲಿ ಮಳಿಗೆ ಸಿಗುವ ದಾರಿ ಇದೆ. ಸ್ತ್ರೀಶಕ್ತಿ ಸಂಘದಲ್ಲಿ ಇರುವವರು ಅಂಗನವಾಡಿಯಲ್ಲಿ ವಿಚಾರಿಸಿ. ಕೇಂದ್ರ ಜವಳಿ ಸಚಿವಾಲಯದ ಕರಕುಶಲ ವಿಭಾಗ ಕೊಡುವ ಪೆಹಚಾನ್ ಗುರುತಿನ ಚೀಟಿ ಮಾಡಿಸಿಕೊಳ್ಳಿ. ಸರ್ಕಾರಿ ಕರಕುಶಲ ಮೇಳಕ್ಕೆ ಹೋಗಲು ಅದು ಬೇಕಾಗುತ್ತದೆ.

2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000ದವರೆಗೆ, ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅದನ್ನು ತೀರಿಸಿದರೆ 2 ಲಕ್ಷದವರೆಗೆ ಸಾಲ. ಪಟ್ಟಿಯಲ್ಲಿ ದರ್ಜಿ ಇದೆ, ಕೌದಿ ಹೊಲಿಯುವವರು ಅಂತ ಬೇರೆ ಇಲ್ಲ. ಇರಬೇಕಿತ್ತು. ಸೂಜಿ ಕೆಲಸವನ್ನೇ ಕಸುಬಾಗಿ ಮಾಡುವವರನ್ನು ಹೆಸರಿಟ್ಟು ಗುರುತಿಸಬೇಕು ಅಂತ ಪಂಚಾಯ್ತಿಯಿಂದ ಮೇಲಿನವರೆಗೂ ಕೇಳುತ್ತಲೇ ಇರಬೇಕು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು (ಜಿಐ, ಅಂದರೆ ಇದು ಇಂಥ ಕಡೆಯ ಕಸುಬು ಅನ್ನುವ ಕಾನೂನಿನ ಗುರುತು) ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯ ಹೊತ್ತಿಗೆ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಮಾಡಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೂ ಸೇರಿತು. ಕೌದಿಗೂ ಅಷ್ಟೇ ಗಮನ ಬರಲಿ.

ಜಿಎಸ್‌ಟಿ ಬೇಕಾ?

ರಾಜ್ಯದೊಳಗೆ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. ಹೊರರಾಜ್ಯಕ್ಕೆ, ಆನ್‌ಲೈನಿನಲ್ಲಿ ಮಾರುವ ಮೊದಲು ಲೆಕ್ಕಪರಿಶೋಧಕರನ್ನು ಕೇಳಿ.

ಬೇರೆ ಕಡೆ ಬಡ ಹೆಣ್ಣುಮಕ್ಕಳು ಇದನ್ನು ಮಾಡಿ ಗೆದ್ದಿದ್ದಾರಾ?

ಗೆದ್ದಿದ್ದಾರೆ, ಸೋತೂ ಇದ್ದಾರೆ. ಎರಡರಿಂದಲೂ ಕಲಿಯಬೇಕು.

ಅಮೆರಿಕದ ಅಲಬಾಮಾ ರಾಜ್ಯದ ವಿಲ್ಕಾಕ್ಸ್ ಕೌಂಟಿಯಲ್ಲಿ 1966ರಲ್ಲಿ ಕಪ್ಪು ಹೆಣ್ಣುಮಕ್ಕಳು ಫ್ರೀಡಂ ಕ್ವಿಲ್ಟಿಂಗ್ ಬೀ ಅನ್ನುವ ಸಹಕಾರಿ ಸಂಘ ಕಟ್ಟಿದರು. ಅದು ಮತದಾನದ ಹಕ್ಕಿಗಾಗಿ ಹೋರಾಟ ನಡೆದಿದ್ದ ಕಾಲ. ಹೆಸರು ನೋಂದಾಯಿಸಿದ್ದಕ್ಕೇ ಕೆಲಸ, ಮನೆ ಕಳೆದುಕೊಂಡ ಗೇಣಿದಾರ ಕುಟುಂಬಗಳು ಇದ್ದವು. ಫ್ರಾನ್ಸಿಸ್ ವಾಲ್ಟರ್ ಅನ್ನುವ ಪಾದ್ರಿ ಅವರ ಕೌದಿಗಳನ್ನು ನ್ಯೂಯಾರ್ಕಿಗೆ ಒಯ್ದು ಹರಾಜು ಹಾಕಿಸಿದರು. ಬಂದ ದುಡ್ಡಿನಿಂದ ಸಂಘ ಬೆಳೆಯಿತು, ಸ್ವಂತ ಜಾಗ ಕೊಂಡಿತು. 1970ರ ದಶಕದಲ್ಲಿ ಸಿಯರ್ಸ್ ಕಂಪನಿಗೆ ಕಾರ್ಡುರಾಯ್ ದಿಂಬಿನ ಕವರ್ ಹೊಲಿಯುವ ಕೆಲಸ ಸಿಕ್ಕಿತು. ನಿಯಮಿತವಾಗಿ ಸಂಬಳ ಬಂತು. ಆದರೆ ಒಂದೇ ಅಳತೆ, ಒಂದೇ ನಮೂನೆ. ಕೈಗೆ ತೋಚಿದ ಹಾಗೆ ಬಣ್ಣ ಜೋಡಿಸುವವರಿಗೆ ಅಲ್ಲಿ ಜಾಗ ಇರಲಿಲ್ಲ. ಅದೇ ಕಡೆಯ ಗೀಸ್ ಬೆಂಡ್ ಊರಿನವರು ಮನೆಬಳಕೆಗೆ ತಮ್ಮಿಷ್ಟದಂತೆ ಹೊಲಿದ ಕೌದಿಗಳು 2002ರಲ್ಲಿ ದೊಡ್ಡ ಮ್ಯೂಸಿಯಂಗಳಿಗೆ ಹೋದವು, 2006ರಲ್ಲಿ ಅಂಚೆಚೀಟಿಯ ಮೇಲೂ ಬಂದವು. ಖಚಿತ ಕೂಲಿ ಬೇಕು, ಕೈಯ ಸ್ವಂತಿಕೆಯೂ ಉಳಿಯಬೇಕು. ಎರಡನ್ನೂ ಒಟ್ಟಿಗೆ ಕಾಪಾಡುವುದು ಸುಲಭವಲ್ಲ.

ನಮ್ಮ ದೇಶದಲ್ಲೇ ಬಿಹಾರದ ಮುಜಫ್ಫರ್‌ಪುರ ಜಿಲ್ಲೆಯ ಭೂಸುರಾ ಕಡೆಯ ಹೆಣ್ಣುಮಕ್ಕಳು ಸುಜನಿ ಅನ್ನುವ, ಕೌದಿಯಂಥದ್ದೇ ಹೊಲಿಗೆಯಲ್ಲಿ ವರದಕ್ಷಿಣೆ, ಹೆಣ್ಣುಮಕ್ಕಳ ಓದು, ಕುಡಿತದ ಕಥೆಗಳನ್ನೇ ಚಿತ್ರಿಸುತ್ತಾರೆ. ಅದಕ್ಕೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಹಳೆ ಬಟ್ಟೆಯ ಪದರ ಸೇರಿಸಿ ಹೊಲಿಯುವ ಬಂಗಾಳದ ಕಾಂಥಾ ಇವತ್ತು ಎಲ್ಲರಿಗೂ ಗೊತ್ತು. ಅಲ್ಲೂ ಕೊನೆಯ ಪ್ರಶ್ನೆ ಒಂದೇ: ಹೊಲಿದವರಿಗೆ ಎಷ್ಟು ಸಿಕ್ಕಿತು?

ಒಮ್ಮೆಲೇ 200 ಕೌದಿಯ ಆರ್ಡರ್ ಬಂದರೆ ಒಪ್ಪಿಕೊಳ್ಳಬೇಕಾ?

ಮುಂಗಡ ಇಲ್ಲದೆ ಬೇಡ. ಬಟ್ಟೆ, ದಾರದ ಖರ್ಚು ಮತ್ತು ಅರ್ಧ ಕೂಲಿ ಮೊದಲೇ ಕೈಗೆ ಬರಲಿ. ಗುಂಪಿನ ಗಂಟೆ ಎಣಿಸಿ. 10 ಜನ ದಿನಕ್ಕೆ 4 ಗಂಟೆ ಹೊಲಿದರೆ 40 ಗಂಟೆ. ಮೇಲಿನ ಲೆಕ್ಕದ 65 ಗಂಟೆಯ 200 ಕೌದಿಗೆ 13,000 ಗಂಟೆ, ಅಂದರೆ 325 ದಿನ. ಆಸೆಗೆ ಬಿದ್ದು ಮೂರು ತಿಂಗಳಲ್ಲಿ ಕೊಡುತ್ತೇವೆ ಅಂದರೆ ರಾತ್ರಿ ಇಡೀ ಹೊಲಿದು ಕಣ್ಣು ಹಾಳು, ಹೊಲಿಗೆಯೂ ಹಾಳು. 20 ಕೊಡುತ್ತೇವೆ ಅಂತ ಹೇಳುವುದರಲ್ಲಿ ಸಣ್ಣತನ ಏನೂ ಇಲ್ಲ.

ನಮ್ಮ ಮನೆಯ ಹಳೆ ಬಟ್ಟೆ ಕಳಿಸಬಹುದಾ?

ಒಗೆದ, ಹರಿಯದ ಹತ್ತಿ ಬಟ್ಟೆ ಮಾತ್ರ ಕಳಿಸಿ. ಮೊದಲು ಬೇಕಾ ಅಂತ ಕೇಳಿ. ಜೀನ್ಸ್, ಪಾಲಿಯೆಸ್ಟರ್, ಕೊಳೆ ಬಟ್ಟೆ ಬಂದರೆ ಆರಿಸಿ ಎಸೆಯುವುದಕ್ಕೇ ಅವರ ಒಂದು ದಿನ ಹೋಗುತ್ತದೆ. ಇನ್ನೂ ಒಳ್ಳೆಯ ದಾರಿ ಇದೆ. ತೀರಿಕೊಂಡ ಅಮ್ಮನ ಸೀರೆಗಳನ್ನು ಕೊಟ್ಟು, ಪೂರ್ತಿ ಕೂಲಿ ಕೊಟ್ಟು, ಕೌದಿ ಮಾಡಿಸಿಕೊಳ್ಳುವವರಿದ್ದಾರೆ. ಹೊಲಿಯುವವರು ಅಂಥ ಕೆಲಸವನ್ನು ತುಂಬಾ ಜೋಪಾನವಾಗಿ ಮಾಡುತ್ತಾರೆ.

ಮಾಡಿಸಲು ಎಷ್ಟು ಮೊದಲು ಹೇಳಬೇಕು? ಆಮೇಲೆ ನೋಡಿಕೊಳ್ಳುವುದು ಹೇಗೆ?

ಕಡಿಮೆ ಅಂದರೂ ಎರಡು ತಿಂಗಳು ಮೊದಲು ಹೇಳಿ. ನಾಟಿ, ಕೊಯ್ಲಿನ ಹೊತ್ತಲ್ಲಿ ಇನ್ನೂ ತಡ ಆಗಬಹುದು. ಘಟ್ಟದ ಕಡೆ ಜೋರು ಮಳೆಯಲ್ಲಿ ಬಟ್ಟೆ ಒಣಗುವುದೇ ಇಲ್ಲ, ಹಾಗಾಗಿ ಮಳೆ ನಿಂತ ಮೇಲೆ ಹೇಳಿದರೆ ಎಲ್ಲರಿಗೂ ಅನುಕೂಲ. ಕೌದಿ ಬಂದ ಮೇಲೆ ತಣ್ಣೀರಿನಲ್ಲಿ ಒಗೆಯಿರಿ, ಬ್ರಷ್ ಹಾಕಬೇಡಿ. ನೆನೆದಾಗ ಭಾರವಾಗುತ್ತದೆ, ಒಂದೇ ತುದಿ ಹಿಡಿದು ಎತ್ತಿದರೆ ಹೊಲಿಗೆ ಜಗ್ಗುತ್ತದೆ. ಇಬ್ಬರು ಹಿಡಿದು ನೆರಳಿನಲ್ಲಿ ಹರವಿ. ಎಲ್ಲಾದರೂ ದಾರ ಬಿಟ್ಟರೆ ಹೊಲಿದವರಿಗೇ ವಾಪಸ್ ಕಳಿಸಿ, ತೇಪೆ ಹಾಕಿ ಕೊಡುತ್ತಾರೆ. ಅದಕ್ಕೂ ಕೂಲಿ ಕೊಡಿ.